ಒಣಗಿಸದ ಅಜ್ಜಿ

ಒಂದಾನೊಂದು ಊರಿನಲ್ಲಿ ರಾಜನ ದಿಂಬು ನಿದ್ದೆ ಮಾಡುವುದನ್ನು ಬಿಟ್ಟಿತು.

ಎಚ್ಚರವಾಗಿರುವ ದಿಂಬಿನ ಮೇಲೆ ತಲೆ ಇಡುವುದು ಮರ್ಯಾದೆಯಲ್ಲ. ರಾಜ ಎದ್ದು ಕೂತ. ರಾಜ ಕೂತ ಮೇಲೆ ಊರು ಮಲಗುವಂತಿಲ್ಲ. ಊರೂ ಎದ್ದು ಕೂತಿತು. ಮಲಗದವರನ್ನು ಎಬ್ಬಿಸುವುದು ಹೇಗೆಂದು ಕೋಳಿಗಳು ಕೂಗುವುದನ್ನು ನಿಲ್ಲಿಸಿದವು. ಕೋಳಿ ಕೂಗದ್ದರಿಂದ ಸೂರ್ಯ ಅನುಮಾನಿಸುತ್ತಲೇ ಬರತೊಡಗಿದ.

"ಏನು ಬೇಕೋ ನಿನಗೆ?" ರಾಜ ದಿಂಬನ್ನು ಕೇಳಿದ.

"ನನ್ನೊಳಗೆ ಬರೀ ಹತ್ತಿ, ಮಲಗಿಸೋರಿಲ್ಲ," ಅಂದಿತು ದಿಂಬು. "ಒಬ್ಬ ಅಜ್ಜಿಯ ಚಿತ್ರ ನನ್ನ ಕೆಳಗಿಡು. ಒಣಗಿರಬೇಕು. ಹಸಿ ಇದ್ದರೆ ನನಗೆ ನೆಗಡಿ."

ರಾಜ ಮುದ್ದೀರಯ್ಯನಿಗೆ ಹೇಳಿಕಳಿಸಿದ.

ಮುದ್ದೀರಯ್ಯ ಪುಸ್ತಕಗಳಿಗೆ ನೀರುಬಣ್ಣದಲ್ಲಿ ಚಿತ್ರ ಬರೆಯುವವನು. ಊರಾಚೆ ಒಬ್ಬನೇ ಇದ್ದ. ಮನೆಯಲ್ಲಿ ಒಂದು ಹಲಗೆ, ಒಂದು ಬಣ್ಣದ ಪೆಟ್ಟಿಗೆ, ಅಳಿಲುಬಾಲದ ಕುಂಚ, ಎರಡು ಬಟ್ಟಲು. ಕುಂಚ ತೊಳೆಯಲು ಒಂದು ಬಟ್ಟಲು, ಶುದ್ಧ ನೀರಿಗೆ ಇನ್ನೊಂದು. ಎಲ್ಲವೂ ಮಾತಾಡುತ್ತಿದ್ದವು. ಆದರೆ ಬರೀ ಕೆಲಸದ ಮಾತು.

"ನೀರು ಜಾಸ್ತಿಯಾಯ್ತು," ಅನ್ನುತ್ತಿತ್ತು ಕುಂಚ.

"ಓರೆ ಮಾಡು, ಬಣ್ಣ ಇಳೀಲಿ," ಅನ್ನುತ್ತಿತ್ತು ಹಲಗೆ.

"ನನ್ನೊಳಗೆ ಅದ್ದಬೇಡ, ಕೊಳಕ," ಅನ್ನುತ್ತಿತ್ತು ಶುದ್ಧ ನೀರಿನ ಬಟ್ಟಲು.

ಊಟ ಆಯ್ತಾ ಎಂದು ಯಾವುದೂ ಕೇಳುತ್ತಿರಲಿಲ್ಲ.

ಮುದ್ದೀರಯ್ಯ ಕಾಗದ ನೆನೆಸಿದ. ಹಲಗೆಯ ಮೇಲೆ ಹಾಸಿ ಅಂಚಿಗೆ ಅಂಟುಪಟ್ಟಿ ಹಚ್ಚಿದ. ಮೊದಲು ತಿಳಿ ಬಣ್ಣ, ಆಮೇಲೆ ದಟ್ಟ. ಕೆನ್ನೆಗೆ ಕಾವಿ, ಸೀರೆಗೆ ನೀಲಿ. ಕೂದಲಿಗೆ ಏನೂ ಹಚ್ಚಲಿಲ್ಲ. ನೀರುಬಣ್ಣದಲ್ಲಿ ಬಿಳಿ ಬೇಕಾದರೆ ಕಾಗದವನ್ನು ಹಾಗೇ ಬಿಡಬೇಕು. ಕೊನೆಗೆ ಬಾಯಿ ಬರೆದು ಕುಂಚ ಎತ್ತಿದ.

"ಊಟ ಆಯ್ತೇನಪ್ಪಾ?" ಅಂದಳು ಅಜ್ಜಿ.

ಮುದ್ದೀರಯ್ಯ ಹಿಂದೆ ತಿರುಗಿ ನೋಡಿದ. ಗೋಡೆಯಿತ್ತು.

"ನಿನ್ನನ್ನೇ ಕಣೋ. ಆಯ್ತಾ?"

"ಇಲ್ಲ."

"ಹೋಗಿ ಉಂಡು ಬಾ. ಗಡ್ಡ ಬೋಳಿಸ್ಕೊಳ್ಳೋಕೆ ಹೋದ ಮೇಕೆ ಕತೆ ಹೇಳ್ತೀನಿ. ನೀನು ಹೂಂ ಅಂತಿರಬೇಕು. ಹೂಂ ಅನ್ನೋರಿಲ್ಲದಿದ್ರೆ ನನಗೆ ಕತೆ ಬರಲ್ಲ."

ಮುದ್ದೀರಯ್ಯ ಉಂಡು ಬಂದ. ಅಜ್ಜಿ ಹೇಳಿದಳು. ಅವನು ಹೂಂ ಅಂದ. ಮೇಕೆ ಕ್ಷೌರದಂಗಡಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಬಣ್ಣ ಆರುತ್ತ ಬಂತು. ಅಜ್ಜಿಯ ದನಿ ಸಣ್ಣದಾಯಿತು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ.

ಮುದ್ದೀರಯ್ಯ ಒದ್ದೆ ಕುಂಚದಿಂದ ತುಟಿ ಮುಟ್ಟಿದ.

"...ಆಗ ಕ್ಷೌರದವನು ಏನಂದ ಗೊತ್ತಾ?" ಅಂದಳು ಅಜ್ಜಿ.

ಅಲ್ಲಿಂದ ಅವನು ಅವಳನ್ನು ಒಣಗಗೊಡಲಿಲ್ಲ. ಅರಮನೆಯ ಆಳು ಬೋಳಯ್ಯ ದಿನಾ ಬಂದ.

"ಒಣಗ್ತಾ?"

"ಇಲ್ಲ."

ಒಂದು ದಿನ ರಾಜನೇ ಬಂದ. ಕಣ್ಣು ಕೆಂಪಗಿದ್ದವು. ಚಿತ್ರದ ಮೇಲೆ ಬಗ್ಗಿ ಉಫ್ ಉಫ್ ಎಂದು ಊದಿದ.

"ಎಂಜಲು ಹಾರಿಸಬೇಡ," ಅಂದಳು ಅಜ್ಜಿ. "ಹೋಗಿ ಮಲಗು, ಮುಖ ನೋಡ್ಕೋ ಹೇಗಾಗಿದೆ."

"ದಿಂಬು ಮಲಗಿಲ್ಲ ಅಜ್ಜಿ," ಅಂದ ರಾಜ. ಕಣ್ಣೊರೆಸಿಕೊಂಡು ಹೋದ.

ಮನೆಯ ನೀರು ಮುಗಿಯಿತು. ಮುದ್ದೀರಯ್ಯ ಬಟ್ಟಲು ಹಿಡಿದು ಬಾವಿಗೆ ಹೋದ.

"ಬಿಟ್ಟಿ ನೀರಿಲ್ಲ," ಅಂದಿತು ಬಾವಿ. "ಬಟ್ಟಲಿಗೊಂದು ಮಾತು ಕೊಡು. ಎಲ್ಲರೂ ಬಗ್ಗಿ ಕೂಗ್ತಾರೆ. ಕೂಗಿದ್ದು ತಿರುಗಿ ಅವರ ಹತ್ತಿರಾನೇ ಹೋಗುತ್ತೆ. ನನಗೆ ಅಂತ ಒಂದೂ ಉಳಿಯಲ್ಲ. ಕೊಟ್ಟ ಮಾತು ಆಮೇಲೆ ನಿನ್ನದಲ್ಲ."

ಮುದ್ದೀರಯ್ಯ ಮೊದಲು "ನಮಸ್ಕಾರ" ಕೊಟ್ಟ. ಅವನ ಮನೆಗೆ ಯಾರೂ ಬರುತ್ತಿರಲಿಲ್ಲ. ಅದೇ ಕಾರಣಕ್ಕೆ "ಕೂತ್ಕೊಳ್ಳಿ" ಕೊಟ್ಟ, "ಹೋಗಿ ಬನ್ನಿ" ಕೊಟ್ಟ. ಆಮೇಲೆ ಬಣ್ಣಗಳ ಹೆಸರು ಕೊಟ್ಟ. ಪೆಟ್ಟಿಗೆ ಮುನಿಸಿಕೊಂಡು ಮುಚ್ಚಳ ಹಾಕಿಕೊಂಡಿತು. "ಇಲ್ಲ" ಕೊಟ್ಟ. ಬೋಳಯ್ಯ ಬಂದರೆ ತಲೆ ಆಡಿಸತೊಡಗಿದ. ತನ್ನ ಹೆಸರನ್ನೂ ಕೊಟ್ಟ. ಅದನ್ನು ಕರೆಯುವವರಿರಲಿಲ್ಲ.

ಒಂದೊಂದಾಗಿ ಎಲ್ಲ ಮಾತೂ ಬಾವಿ ಸೇರಿದವು. ಉಳಿದದ್ದು "ಹೂಂ" ಒಂದೇ.

ಅಷ್ಟರಲ್ಲಿ ಅಜ್ಜಿಯೂ ಕಮ್ಮಿಯಾಗುತ್ತಿದ್ದಳು. ತೋಯಿಸಿದಾಗಲೆಲ್ಲ ಒಂದಿಷ್ಟು ಬಣ್ಣ ಹಲಗೆಯಿಂದ ಇಳಿದು ನೆಲ ಸೇರುತ್ತಿತ್ತು. ಸೀರೆ ಮಾಸಿತು. ಬಳೆ ಹೋದವು. ಬಳೆಯ ಹಿಂದೆ ಕೈ ಹೋಯಿತು.

"ಇನ್ನೊಂದು ಸಲ ನೀರು ಬಿದ್ರೆ ಮುಖಾನೂ ಹೋಗುತ್ತೆ ಕಣೋ," ಅಂದಳು ಅಜ್ಜಿ. "ಬರೀ ಕೂದಲು ಇಟ್ಕೊಂಡು ಏನ್ಮಾಡ್ತೀಯ? ಬಿಡು, ಒಣಗ್ತೀನಿ. ಮಾತಿರಲ್ಲ, ಮುಖ ಇರುತ್ತೆ."

ಮುದ್ದೀರಯ್ಯ ಕೇಳಲಿಲ್ಲ. ಬಟ್ಟಲು ಎತ್ತಿಕೊಂಡು ಬಾವಿಗೆ ಹೋದ.

"ಆ ಹೂಂ ಕೊಡು," ಅಂದಿತು ಬಾವಿ.

ಮುದ್ದೀರಯ್ಯ ನಿಂತ. ಹೂಂ ಕೊಟ್ಟರೆ ನೀರುಂಟು, ಕತೆಯಿಲ್ಲ. ಕೊಡದಿದ್ದರೆ ಕತೆಯುಂಟು, ನೀರಿಲ್ಲ. ಬಾಯಿ ತೆರೆದ. ಮುಚ್ಚಿದ. ಖಾಲಿ ಬಟ್ಟಲು ಹಿಡಿದು ಓಡಿ ಬಂದ.

ಅಜ್ಜಿಯ ಕೆನ್ನೆ ಆರಿತ್ತು. ತುಟಿಯಲ್ಲಿ ಇನ್ನೂ ಹಸಿಯಿತ್ತು.

"ಬಂದ್ಯಾ? ಕೇಳು. ಮೇಕೆ ಕುರ್ಚಿ ಮೇಲೆ ಕೂತಿತು."

"ಹೂಂ."

"ಕ್ಷೌರದವನು ಕನ್ನಡಿ ಹಿಡಿದ."

"ಹೂಂ."

"ಮೇಕೆ ಕನ್ನಡಿ ನೋಡಿ..."

"ಹೂಂ," ಅಂದ ಮುದ್ದೀರಯ್ಯ.

"ಹೂಂ," ಅಂದ ಮತ್ತೆ.

"ಒಣಗಿತು," ಅಂದಿತು ಹಲಗೆ.

ಬೋಳಯ್ಯ ಬಂದ. ಅಂಟುಪಟ್ಟಿ ಕೊಯ್ದು ಕಾಗದ ಬಿಡಿಸಿದ. ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದ. ರಾಜ ಅದನ್ನು ದಿಂಬಿನ ಕೆಳಗಿಟ್ಟ. ದಿಂಬು ಮಲಗಿತು. ರಾಜ ಮಲಗಿದ. ಊರು ಮಲಗಿತು.

ಮುದ್ದೀರಯ್ಯ ಮಲಗಲಿಲ್ಲ.