ಬಣ್ಣ ಬಿಡುವ ದಾರ

ತುಂಗಭದ್ರೆಯ ದಡದಲ್ಲಿ ಒಂದು ಕ್ರೈಸ್ತ ಆಶ್ರಮ. ಗುರುಗಳು ದೇವದಾನಪ್ಪ ಅಯ್ಯನವರು.

ಸೇರಲು ಬಂದವನಿಗೆ ಅವರು ಒಂದು ಸುವಾರ್ತೆ ಪುಸ್ತಕವನ್ನೂ ಒಂದು ಕೆಂಪು ದಾರವನ್ನೂ ಕೊಡುತ್ತಿದ್ದರು. ಓದುತ್ತಾ ಹೋಗಬೇಕು. ಯಾವ ಮಾತು ಚುಚ್ಚುತ್ತದೋ ಅಲ್ಲಿ ದಾರ ಇಡಬೇಕು. ಆ ಮಾತಿನಂತೆ ನಡೆದ ಮೇಲೆಯೇ ದಾರ ಎತ್ತಿ ಮುಂದಕ್ಕೆ ಓದಬೇಕು.

ದಾರ ಕೊನೆಯ ಪುಟ ಮುಟ್ಟಿದವನನ್ನೇ ಉಪದೇಶಕನಾಗಿ ಕಳುಹಿಸುತ್ತಾರೆ ಎಂಬುದು ಶಿಷ್ಯರ ಅಂದಾಜು. ಅಯ್ಯನವರು ಹಾಗೆ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಎಲೀಷನೆಂಬ ಶಿಷ್ಯನ ದಾರ, ವೈರಿಯನ್ನು ಪ್ರೀತಿಸಬೇಕೆಂಬ ಮಾತಿನ ಹತ್ತಿರ ನಿಂತುಬಿಟ್ಟಿತ್ತು. ಒಂದು ಮಳೆಗಾಲ ಕಳೆದು ಇನ್ನೊಂದು ಬಂದರೂ ಅಲ್ಲೇ.

ವೈರಿ ದೂರದವನಲ್ಲ, ಆಶ್ರಮದ ಅಡಿಗೆಯ ಯಾಕೋಬ. ಎಲೀಷ ಸೊಗಸಾಗಿ ಓದುತ್ತಿದ್ದ. ದಾರಿಹೋಕರೂ ನಿಂತು ಕೇಳುತ್ತಿದ್ದರು. ಒಮ್ಮೆ ಊಟದ ಪಂಕ್ತಿಯಲ್ಲಿ ಯಾಕೋಬ ಎಲ್ಲರೆದುರು ಅವನತ್ತ ಸೌಟು ತೋರಿಸಿ, "ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ. ಇದು ನೋಡಿ, ಹೇಗೆ ತುಳುಕತ್ತೆ" ಎಂದಿದ್ದ. ಅಂದಿನಿಂದ ಎಲೀಷ ಅವನ ಮುಖ ನೋಡದೆ ತಟ್ಟೆ ಒಡ್ಡುತ್ತಿದ್ದ.

ಹೀಗಿರಲು, ದೂರದ ಹಳ್ಳಿಯ ಕ್ರೈಸ್ತ ಸಭೆಯವರು ಉಪದೇಶಕ ಬೇಕೆಂದು ಬಂಡಿ ಕಳುಹಿಸಿದರು. ಬೆಳಿಗ್ಗೆ ಬಂಡಿ ಹೊರಡಬೇಕು. ಎಲೀಷ ಮನೆ ಬಿಟ್ಟು ಬಂದದ್ದೇ ಈ ಕೆಲಸಕ್ಕೆ.

ಸಂಜೆ ಅವನು ತನ್ನ ಪುಸ್ತಕ ತಂದು ಗುರುಗಳ ಮುಂದಿಟ್ಟ. ದಾರ ಕೊನೆಯ ಪುಟದಲ್ಲಿತ್ತು.

"ಮುಗಿಯಿತೇನಪ್ಪಾ?"

"ಮುಗಿಯಿತು, ಅಯ್ಯನವರೇ."

ಅಯ್ಯನವರು ದಾರ ಎತ್ತಿದರು. ಅಡಿಯ ಪುಟ ಬೆಳ್ಳಗಿತ್ತು. ಹಾಳೆ ಹಿಂದಕ್ಕೆ ತಿರುವಿದರು. ವೈರಿಯ ಮಾತಿದ್ದಲ್ಲಿ ಉದ್ದಕ್ಕೂ ಒಂದು ಕೆಂಪು ಗೆರೆ.

ಅಗ್ಗದ ದಾರ, ಮಳೆಗಾಲದ ತೇವಕ್ಕೆ ಬಣ್ಣ ಬಿಡುತ್ತದೆ. ಸಂತೆಯಲ್ಲಿ ಗಟ್ಟಿ ಬಣ್ಣದ್ದು ಸಿಗುತ್ತಿದ್ದರೂ ಅಯ್ಯನವರು ಇದನ್ನೇ ಆರಿಸುತ್ತಿದ್ದರು. ಮನುಷ್ಯರನ್ನು ಬಲ್ಲವರು ಸರಕು ಆರಿಸುವ ರೀತಿಯೇ ಬೇರೆ.

ಎಲೀಷ ತಲೆ ತಗ್ಗಿಸಿದ. "ಬೈದುಬಿಡಿ."

ಅಯ್ಯನವರು ಬೈಯಲಿಲ್ಲ. ಒಳಗಿಂದ ತಮ್ಮ ಪುಸ್ತಕ ತಂದು ಬಿಚ್ಚಿದರು. ದಾರ ಅದೇ ಮಾತಿನ ಮೇಲಿತ್ತು. ಕೆಂಪು ಎಷ್ಟೋ ಹಾಳೆ ಕೆಳಗಿಳಿದಿತ್ತು.

"ನಿಮ್ಮದೂ ಇಲ್ಲೇನಾ? ಯಾರ ದೆಸೆಯಿಂದ?"

"ಯಾಕೋಬನ ದೆಸೆಯಿಂದ."

ಎಲೀಷ ಬೆಪ್ಪಾದ. "ನಿಮಗೇನು ಮಾಡಿದ?"

"ನನ್ನ ಪ್ರಾರ್ಥನೆ ಸ್ವಲ್ಪ ಉದ್ದವಾದರೆ ಸೌಟು ಬಡಿಯುತ್ತಾನೆ."

"ಇಷ್ಟು ಕಾಲವೂ ಅವನೇನಾ?"

"ಮೊದಲು ಬೇರೊಬ್ಬನಿದ್ದ. ಅವನನ್ನು ಪ್ರೀತಿಸಲು ಕಲಿತೆ, ಇನ್ನೇನು ದಾರ ಎತ್ತಬೇಕು, ಇವನು ಬಂದ."

ಎಲೀಷ ತನ್ನ ದಾರವನ್ನು ಮತ್ತೆ ಆ ಕೆಂಪು ಗೆರೆಯ ಮೇಲಿಟ್ಟ. ಎದ್ದು ಅಡಿಗೆಮನೆಗೆ ಹೋಗಿ ಯಾಕೋಬನ ಎದುರಿಗೇ ಕೂತು ಉಂಡ.

"ಸಾರು ಚೆನ್ನಾಗಿದೆ, ಯಾಕೋಬಣ್ಣ."

"ಉಪ್ಪು ಜಾಸ್ತಿಯಾಗಿದೆ. ಸುಳ್ಳು ಬೇರೆ ಕಲಿತೆಯೇನೋ?"

ಎಲೀಷನಿಗೆ ನಗು ಬಂತು. "ಕಲಿತೆ. ಇವತ್ತೇ ಒಂದು ಹೇಳಿ ಬಂದೆ" ಎಂದು ದಾರದ ಕಥೆ ಬಿಚ್ಚಿದ.

ಯಾಕೋಬ ಪೂರ್ತಿ ಕೇಳಿದ. ಎಲೀಷ ಬೇಡುವ ಮೊದಲೇ ಇನ್ನೊಂದು ಸೌಟು ಅನ್ನ ಬಡಿಸಿದ.

ಬೆಳಿಗ್ಗೆ ಅಯ್ಯನವರು ಎಲೀಷನನ್ನು ಕರೆದರು. "ಬಂಡಿ ಹತ್ತು."

"ನನ್ನ ದಾರ ಇನ್ನೂ ಅಲ್ಲೇ ಇದೆಯಲ್ಲ?"

"ಜೊತೆಗೇ ಒಯ್ಯು. ಓದಿ ಮುಗಿಸಿದವನು ಬೇಕೆಂದು ಅವರು ಕೇಳಿಲ್ಲ."

ಬಂಡಿಯಲ್ಲಿ ಪಾತ್ರೆಗಳ ನಡುವೆ ಯಾಕೋಬ ಆಗಲೇ ಗೊಣಗುತ್ತಾ ಕೂತಿದ್ದ.

"ಇವನೂ ಬರುತ್ತಾನಾ?"

"ಅಲ್ಲಿ ಅಡಿಗೆಗೆ ಯಾರೂ ಇಲ್ಲವಂತೆ."

ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅಯ್ಯನವರು ತಾವು ಹೊದ್ದಿದ್ದ ಕಂಬಳಿ ತೆಗೆದು ಯಾಕೋಬನಿಗೆ ಹೊದಿಸಿದರು.

"ತೂತು ಬಿದ್ದಿದೆ" ಎಂದ ಯಾಕೋಬ, ಅದನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾ.

ಎಲೀಷ ಗುರುಗಳ ಕಿವಿಯ ಬಳಿ ಬಾಗಿದ. "ಅಯ್ಯನವರೇ, ನೀವಿನ್ನು ದಾರ ಎತ್ತಬಹುದಲ್ಲ?"

"ಅವಸರವೇನು? ಹೊಸ ಅಡಿಗೆಯವನು ಬರುವವನಿದ್ದಾನೆ."