ಪಟ್ಟಿಯ ಮೊದಲ ಹೆಸರು

“ಅಜ್ಜಾರ, ನಾನು ಮೈಗಳ್ಳ ಅಲ್ಲ. ಆದರೂ ಯಾವ ಕೆಲಸಕ್ಕ ಕುಂತರೂ ಮನಸ್ಸು ಬಂದು ಕೂಡಾಕ ತಾಸು ಹಿಡೀತೈತಿ. ಯಾಕ?” ಎಂದು ಶಿಷ್ಯ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದು ಐದು ವರ್ಷವಾಗಿತ್ತು. ಮನೆಯ ಮಾತು ಬಂದರೆ, ಅದೆಲ್ಲ ಮುಗಿದುಹೋದ ಕತೆ ಎನ್ನುತ್ತಿದ್ದ. ಊಟ ಕಡಿಮೆ ಮಾಡಿ ನೋಡಿದ್ದ, ನಿದ್ದೆ ಕಡಿಮೆ ಮಾಡಿ ನೋಡಿದ್ದ. ಈಗ ಸಾಕಾಗಿ ಮಠವನ್ನೇ ಬಿಡುವ ಯೋಚನೆಯಲ್ಲಿದ್ದ. ಗುರುಗಳಿಗೂ ದಣಿವಾಗಿತ್ತು. ಬೆಳಗಿನಿಂದ ಬಂದವರೆಲ್ಲ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದರು. ಆದರೂ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮುದ್ರಕನಿದ್ದ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿಯ ಕಾರ್ಡು, ಇವೇ ಅವನ ಅನ್ನ. ಈ ಕಸುಬಿನವರು ಯಾವ ಪತ್ರಿಕೆಯನ್ನೂ ಹೊಸದಾಗಿ ಮಾಡುವುದಿಲ್ಲ. ಅಕ್ಕನ ಲಗ್ನಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆರೆದು, ಹೆಸರು ತಾರೀಖು ಬದಲಿಸಿದರೆ ಅದೇ ತಂಗಿಯ ಲಗ್ನಪತ್ರಿಕೆ. ಮನೆದೇವರ ಸಾಲು, ಹಿರಿಯರ ಹೆಸರು ಎಲ್ಲ ಅಲ್ಲೇ ಇರುತ್ತವೆ. ಹೀಗಾಗಿ ದಿನಕ್ಕೆ ನಲವತ್ತು ಸಲ ಅವನು ಹಳೆಯ ಫೈಲು ಹುಡುಕಬೇಕು.

ಆ ಹುಡುಕಾಟವೇ ನಿಧಾನವಾಯಿತು. ಫೈಲು ತೋರಿಸುವ ವಿಂಡೋ ತೆರೆದುಕೊಂಡು ಬಿಳಿಯಾಗಿ ನಿಂತುಬಿಡುತ್ತಿತ್ತು. ಒಂದು ನಿಮಿಷ, ಕೆಲವು ಸಲ ಎರಡು. ಆಮೇಲೆ ಫೈಲುಗಳ ಪಟ್ಟಿ ಬರುತ್ತಿತ್ತು. ತೆರೆದ ಮೇಲೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಗಿರಾಕಿಗಳು ನಿಂತು ನಿಂತು ಬೇಸತ್ತು ಎದುರಿನ ಅಂಗಡಿಗೆ ಹೋಗತೊಡಗಿದರು. ಮುದ್ರಕ ಹಳೆಯ ಪತ್ರಿಕೆಗಳನ್ನು ಅರ್ಧಕ್ಕರ್ಧ ಅಳಿಸಿದ. ಕಡೆಗೆ ಕಂಪ್ಯೂಟರನ್ನೇ ಬದಲಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ತುಂಬಿಸಿದ. ಹೊಸದೂ ಹಾಗೇ ನಿಂತಿತು. ಅಂಗಡಿ ಮುಚ್ಚುವುದೇ ವಾಸಿ ಅನಿಸಿತು ಅವನಿಗೆ. ಪಾಪ, ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಇದೊಂದು ಆಗಿಹೋಗಲಿ ಎಂದು ರಿಪೇರಿಯವನೊಬ್ಬನನ್ನು ಕರೆಸಿದ. ಆತ ಏನನ್ನೂ ಬಿಚ್ಚಲಿಲ್ಲ. ವಿಂಡೋ ತೆರೆದು ಕೈಕಟ್ಟಿ ಕೂತ. ಪಟ್ಟಿ ಬಂದ ಮೇಲೆ, ಕೆಂಪು ಗುರುತು ಬಿದ್ದಿದ್ದ ಮೊದಲ ಹೆಸರಿಗೆ ಬೆರಳಿಟ್ಟ.

“ಈ ರುದ್ರಮುನಿ ಅಂದ್ರ ಯಾರ್ರಿ?”

“ನಮ್ಮ ತಮ್ಮ. ಇಬ್ಬರೂ ಕೂಡೇ ಅಂಗಡಿ ನಡಸ್ತಿದ್ವಿ. ಅವನ ಕಂಪ್ಯೂಟರಿಗೂ ನನ್ನದಕ್ಕೂ ವಾಯರ್ ಇತ್ತು, ಅವನ ಫೈಲು ನಾನು ತೆಗೀತಿದ್ದೆ. ಮೂರು ವರ್ಷದ ಹಿಂದ ಜಗಳಾಡಿ ಬ್ಯಾರೆ ಆದ. ವಾಯರ್ ನಾನೇ ಕತ್ತರಿಸಿದೆ. ಈಗ ಅವನ ನೆನಪೂ ನನಗಿಲ್ಲ.”

“ನಿಮಗಿಲ್ಲ, ಈ ಕಂಪ್ಯೂಟರಿಗೈತಿ. ಅವರ ಕಂಪ್ಯೂಟರಿನ ಹೆಸರು ಇನ್ನೂ ಇದರ ಪಟ್ಟಿಯೊಳಗೈತಿ. ನೀವು ಏನು ಹುಡುಕಿದ್ರೂ ಇದು ಮೊದಲು ಅವರನ್ನ ಕರೀತೈತಿ. ಉತ್ತರ ಬರಬಹುದು ಅಂತ ಕಾಯ್ತೈತಿ. ಬರಲಿಲ್ಲ ಅಂದಮ್ಯಾಲ ನಿಮ್ಮ ಕೆಲಸಕ್ಕ ಬರ್ತೈತಿ. ದಿನಕ್ಕ ನಲವತ್ತು ಸಲ. ಹೆಸರು ಅಳಸ್ರಿ, ಇಲ್ಲಾ ತಮ್ಮನ್ನ ಕರದು ವಾಯರ್ ಜೋಡಸ್ರಿ. ಎರಡರಾಗ ಒಂದು ಮಾಡಿದ್ರ ಇವತ್ತಿಂದನ ಓಡ್ತೈತಿ.”

ಮುದ್ರಕ ಮೌಸಿನ ಮೇಲೆ ಕೈಯಿಟ್ಟ. ಒತ್ತಲಿಲ್ಲ, ತೆಗೆಯಲೂ ಇಲ್ಲ. ಮೂರು ವರ್ಷದ ದಣಿವೆಲ್ಲ ಎಲ್ಲಿಂದ ಬಂದದ್ದೆಂದು ಅವನಿಗೆ ತಿಳಿದುಹೋಗಿತ್ತು. ಅವನು ಅತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮ್ಯಾಲ ಏನು ಮಾಡಿದ, ಅಜ್ಜಾರ? ಅಳಸಿದನೋ, ತಮ್ಮನ ಕಡೆ ಹೋದನೋ?”

“ಅದು ಅವನ ಪಾಡು, ನಿನ್ನ ಪಟ್ಟಿಯೊಳಗ ಮೊದಲನೇ ಹೆಸರು ಯಾರದಪಾ?” ಎಂದರು ಗುರುಗಳು.