ನೀಲಿಯಿಲ್ಲದ ಬಾನಿ

"ಹೈಡ್ರೋಜನ್ ಪೆರಾಕ್ಸೈಡ್ ಉತ್ಕರ್ಷಣಕಾರಿಯೋ, ಅಪಕರ್ಷಣಕಾರಿಯೋ? ಒಂದೇ ಮಾತಿನಲ್ಲಿ ಹೇಳಿಬಿಡಿ, ಸರ್."

ಕೇಳಿದವನು ಫಕೀರೇಶ. ರಸಾಯನಶಾಸ್ತ್ರದಲ್ಲಿ ಒಮ್ಮೆ ನಪಾಸಾಗಿದ್ದ. ಮರುದಿನ ಬೆಳಿಗ್ಗೆ ಮರುಪರೀಕ್ಷೆ. ಈ ಸಲವೂ ಹೋದರೆ ಓದು ಬಿಡಿಸುವುದಾಗಿ ಮನೆಯಲ್ಲಿ ಹೇಳಿದ್ದರು.

"ಒಂದೇ ಮಾತು ಯಾಕೆ?" ಎಂದರು ಮೇಷ್ಟರು.

"ಉತ್ಕರ್ಷಣಕಾರಿ ಎಂದು ಉರುಹೊಡೆದಿದ್ದೆ. ಅಯೋಡೈಡಿನ ಪ್ರಶ್ನೆಗೆ ಸರಿಹೋಯಿತು. ಪರ್ಮಾಂಗನೇಟಿನ ಪ್ರಶ್ನೆಗೆ ತಪ್ಪಾಯಿತು. ಒಂದೇ ಬಾಟಲಿಯ ದ್ರಾವಣ, ಎರಡು ನಾಲಗೆ."

"ಎಲೆಕ್ಟ್ರಾನು ಕೊಟ್ಟರೆ?"

"ಉತ್ಕರ್ಷಣ. ತೆಗೆದುಕೊಂಡರೆ ಅಪಕರ್ಷಣ."

"ಅಷ್ಟು ಸಾಕು. ಪುಸ್ತಕ ಮುಚ್ಚು."

ಮೇಷ್ಟರು ಕತೆ ಹೇಳಿದರು.

ಒಂದು ನೇಕಾರರ ಊರು. ಅಲ್ಲಿ ಇಬ್ಬರು ಬಣ್ಣಗಾರರು. ಒಬ್ಬ ನೂಲಿಗೆ ಕೆಂಪು ಹಾಕುವವನು, ಇನ್ನೊಬ್ಬ ನೀಲಿ ಹಾಕುವವನು. ಇಬ್ಬರೂ ಗೆಳೆಯರು.

ಕೆಂಪಿನವನ ಕೆಲಸ ನೇರ. ಬೇರು ಕುದಿಸಿದರೆ ನೀರು ಕೆಂಪಾಗುತ್ತದೆ. ಪಟಿಕದ ನೀರಿನಲ್ಲಿ ನೆನೆದ ನೂಲನ್ನು ಅದರಲ್ಲಿ ಅದ್ದಿದರೆ ನೂಲೂ ಕೆಂಪಾಗುತ್ತದೆ. ಪಾತ್ರೆಯ ಬಣ್ಣವೇ ನೂಲಿನ ಬಣ್ಣ. ಅವನು ಇದನ್ನು ನಂಬಿ ಬದುಕಿದ್ದ. ಒಮ್ಮೆಯೂ ತಪ್ಪಿರಲಿಲ್ಲ.

ನೀಲಿಯವನ ಮನೆಯಲ್ಲಿ ಇದ್ದದ್ದು ಒಂದೇ ಬಾನಿ. ಕತ್ತಿನವರೆಗೆ ನೆಲದಲ್ಲಿ ಹುಗಿದ ದೊಡ್ಡ ಮಣ್ಣಿನ ಪಾತ್ರೆ. ನೀಲಿಯ ಉಂಡೆ, ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ ಅದನ್ನು ಹುಳಿಸಿ ಇಟ್ಟಿರುತ್ತಿದ್ದರು. ಅವನ ಅಜ್ಜಿ ಹೂಡಿದ ಬಾನಿ. ತೆಗೆದಷ್ಟು ತುಂಬುತ್ತಾ, ಅಂದಿನಿಂದ ಅದನ್ನು ಸಾಯಗೊಟ್ಟಿರಲಿಲ್ಲ. ಬಾನಿ ಸತ್ತರೆ ಆ ಮನೆಯ ಒಲೆ ಆರಿದಂತೆ.

ನೀಲಿಯವನು ಜ್ವರ ಹಿಡಿದು ಮಲಗಿದ. ಮದುವೆ ಸೀರೆಗಳ ನೂಲು ಮನೆಗೆ ಬಂದಿತ್ತು. ಮಗ್ಗಗಳು ಕಾಯುತ್ತಿದ್ದವು. ಕೆಂಪಿನವನು ತಾನಾಗಿ ಬಂದ. ನೂಲು ನಾನು ಅದ್ದಿ ಕೊಡುತ್ತೇನೆ ಎಂದ. ಬಾನಿಯ ಮುಚ್ಚಳ ತೆಗೆದ.

ಮೇಲೆ ತೆಳ್ಳನೆಯ ನೀಲಿ ನೊರೆ. ಕೆಳಗೆ ಹಳದಿ ನೀರು.

"ಏನಮ್ಮಾ ತಂಗಿ, ಇದು ಗಂಜಲವೋ ಬಣ್ಣವೋ? ನೀಲಿಯೆಲ್ಲ ತಳ ಸೇರಿದೆ. ಕಲಕಬೇಕು."

"ಬೇಡ ಅಣ್ಣಾ," ಎಂದಳು ನೀಲಿಯವನ ಹೆಂಡತಿ. "ಮಲಗಿದ ಕೂಸಿನ ಹೊದಿಕೆ ಸರಿಸಿದ ಹಾಗೆ ಅವರು ಆ ಮುಚ್ಚಳ ಸರಿಸುತ್ತಾರೆ."

"ಅದಕ್ಕೇ ಅವನಿಗೆ ಜ್ವರ ಬಂದದ್ದು. ಬಣ್ಣಕ್ಕೆ ಹೆದರುವವನು ಎಂಥ ಬಣ್ಣಗಾರ?"

ಕೋಲು ತೆಗೆದುಕೊಂಡು ಕಲಕಿದ. ಮಜ್ಜಿಗೆ ಕಡೆದಂತೆ ಕಡೆದ. ಹಳದಿ ಹಸಿರಾಯಿತು, ಹಸಿರು ನೀಲಿಯಾಯಿತು. ಕೆಂಪಿನವನು ನಕ್ಕ. ನೂಲು ಅದ್ದಿದ. ನೂಲು ಕಡುನೀಲಿಯಾಗಿ ಮೇಲೆ ಬಂತು. ಹಳ್ಳಕ್ಕೆ ಒಯ್ದು ಜಾಲಿಸಿದ. ನೀಲಿಯೆಲ್ಲ ನೀರಿನೊಂದಿಗೆ ಹೋಯಿತು. ಅವನ ಕೈಯಲ್ಲಿ ಉಳಿದದ್ದು ಬಿಳಿ ನೂಲು.

ಒದ್ದೆ ನೂಲನ್ನು ಹೆಗಲ ಮೇಲೆ ಹಾಕಿಕೊಂಡು ಗೆಳೆಯನ ಹಾಸಿಗೆಯ ಬಳಿ ನಿಂತ.

"ಬಾನಿ ಈಗ ಯಾವ ಬಣ್ಣ?" ಎಂದು ನೀಲಿಯವನು ಕೇಳಿದ.

"ನೀಲಿ. ಚೆನ್ನಾಗಿ ನೀಲಿಯಾಗಿದೆ."

"ಹಾಗಾದರೆ ಕೊಂದೆ."

ಮುಂದೇನು ಮಾಡಬೇಕೆಂದೂ ನೀಲಿಯವನೇ ಹೇಳಿದ. ಬೆಲ್ಲ ಹಾಕು. ತಗಚೆ ಬೇಯಿಸಿ ಹಾಕು. ಮುಚ್ಚು. ಬೆಚ್ಚಗಿರಲು ಸುತ್ತ ಹುಲ್ಲು ಒತ್ತು. ಆಮೇಲೆ ಏನೂ ಮಾಡಬೇಡ.

"ಏನೂ ಮಾಡದೆ ಇರುವುದು ಎಲ್ಲಿಯವರೆಗೆ?"

"ನೀಲಿ ಹೋಗುವವರೆಗೆ."

ಕೆಂಪಿನವನು ಹೇಳಿದಷ್ಟು ಮಾಡಿದ. ತನ್ನ ಒಲೆ ಹಚ್ಚಲಿಲ್ಲ. ಕೈ ಕಟ್ಟಿಕೊಂಡು ಬಾನಿಯ ಪಕ್ಕ ಕೂತ. ನೇಕಾರರು ಬಂದು ಬೈದು ಹೋದರು. ಕೋಲು ಕೈಗೆಟಕುವಷ್ಟರಲ್ಲೇ ಇತ್ತು. ಅವನು ಮುಟ್ಟಲಿಲ್ಲ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಮುಚ್ಚಳ ಸರಿಸಿದಾಗ ನೀರು ಹಳದಿಯಾಗಿತ್ತು. ಅಷ್ಟರಲ್ಲಿ ನೀಲಿಯವನಿಗೆ ಜ್ವರ ಇಳಿದಿತ್ತು. ಅವನು ಗೋಡೆ ಹಿಡಿದು ಬಂದು ಹೊಸ್ತಿಲ ಮೇಲೆ ಕೂತ. ನೂಲನ್ನು ಮೆಲ್ಲಗೆ ಮುಳುಗಿಸು, ಒಳಗೇ ಹಿಡಿದಿರು, ಮೆಲ್ಲಗೆ ತೆಗೆ ಎಂದ.

ನೂಲು ಹಳದಿಯಾಗಿ ಮೇಲೆ ಬಂತು. ಕೆಂಪಿನವನ ಮುಖ ಸುಟ್ಟ ಬದನೆಕಾಯಿಯಾಯಿತು.

"ನೋಡುತ್ತಿರು" ಎಂದ ನೀಲಿಯವನು.

ಗಾಳಿಯಲ್ಲಿ ನೂಲು ಹಸಿರಾಯಿತು. ನೋಡುತ್ತಿದ್ದಂತೆ ನೀಲಿಯಾಯಿತು. ಹಳ್ಳದಲ್ಲಿ ಜಾಲಿಸಿದಾಗ ಒಂದಿಷ್ಟು ಬಣ್ಣ ಬಿಟ್ಟಿತು. ಮತ್ತೆ ಬಿಡಲಿಲ್ಲ.

"ಇದಕ್ಕೆ ನೀಲಿ ಬರಿಸಿದ್ದು ಯಾರು?"

"ಗಾಳಿ."

"ನಾನು ಕಲಕಿ ಒಳಗೆ ತುಂಬಿದ್ದೂ ಅದೇ ಗಾಳಿಯಲ್ಲವೇ?"

"ಅದೇ. ನೂಲು ಕುಡಿದ ಮೇಲೆ ಬರಬೇಕಾದದ್ದನ್ನು ನೀನು ಮೊದಲೇ ಕರೆದೆ."

ಆ ವಾರ ಮಗ್ಗಗಳು ಆಡಿದವು. ಕತೆ ಮುಗಿಯಿತು.

ಮೇಷ್ಟರು ಫಕೀರೇಶನ ಕಡೆ ನೋಡಿದರು.

"ಬಾನಿಯೊಳಗೆ ಎಲೆಕ್ಟ್ರಾನು ಕೊಟ್ಟವರು ಯಾರು?"

"ಹುಳಿಯುತ್ತಿದ್ದ ಬೆಲ್ಲ. ನೀಲಿ ತೆಗೆದುಕೊಂಡಿತು. ಬಣ್ಣ ಕಳೆದುಕೊಂಡು ನೀರಿನಲ್ಲಿ ಕರಗಿತು. ಕರಗಿದ್ದರಿಂದ ನೂಲಿನೊಳಗೆ ಇಳಿಯಿತು."

"ಹೊರಗೆ?"

"ನೀಲಿ ಕೊಟ್ಟಿತು. ಗಾಳಿಯ ಆಮ್ಲಜನಕ ತೆಗೆದುಕೊಂಡಿತು. ನೀಲಿಗೆ ಬಣ್ಣ ಮರಳಿತು. ನೂಲಿನಲ್ಲೇ ಗಟ್ಟಿಯಾಗಿ ಕೂತಿತು."

"ಒಂದೇ ನೀಲಿ."

"ಹೌದು ಸರ್. ಒಳಗೆ ಅಪಕರ್ಷಣ, ಹೊರಗೆ ಉತ್ಕರ್ಷಣ."

"ಈಗ ನಿನ್ನ ಬಾಟಲಿ."

ಫಕೀರೇಶ ಯೋಚಿಸಿದ. "ಅಯೋಡೈಡಿನ ಪಕ್ಕದಲ್ಲಿ ಪೆರಾಕ್ಸೈಡ್ ತೆಗೆದುಕೊಂಡಿತು. ಅಲ್ಲಿ ಅದು ಉತ್ಕರ್ಷಣಕಾರಿ. ಪರ್ಮಾಂಗನೇಟು ಎಲೆಕ್ಟ್ರಾನಿಗೆ ಅದಕ್ಕಿಂತ ಹೆಚ್ಚು ಹಸಿದದ್ದು. ಅದರ ಪಕ್ಕದಲ್ಲಿ ಪೆರಾಕ್ಸೈಡೇ ಕೊಡಬೇಕಾಯಿತು. ಅಲ್ಲಿ ಅಪಕರ್ಷಣಕಾರಿ."

"ಹೂಂ."

ಮೇಷ್ಟರ ಬಾಯಿಂದ 'ಹೂಂ' ಬರುವುದು ಅಪರೂಪ. ಫಕೀರೇಶನಿಗೆ ಧೈರ್ಯ ಬಂತು. ಪರೀಕ್ಷೆ ಗೆದ್ದವನಂತೆ ಪೆನ್ನು ತೆಗೆದ.

"ಹಾಗಾದರೆ ಆಮ್ಲಜನಕವೊಂದು ಯಾವಾಗಲೂ ತೆಗೆದುಕೊಳ್ಳುತ್ತದೆ, ಅಲ್ಲವೇ ಸರ್? ಇದೊಂದನ್ನಾದರೂ ಉರುಹೊಡೆದುಬಿಡುತ್ತೇನೆ."

ಮೇಷ್ಟರು ಎದ್ದು ನಿಂತು ಹೇಳಿದರು:

"ಫ್ಲೋರಿನ್ ಪಕ್ಕಕ್ಕೆ ಬಂದರೆ ಆಮ್ಲಜನಕವೂ ಕೊಡುತ್ತದೆ."